ಆಪರೇಟರ್ ಬಿಟ್ಟು ಹೋದ ಮೇಲೆ ನುಚ್ಚು ಯಾಕೆ ಹೆಚ್ಚಾಯಿತು?

ಪ್ರಶ್ನೆ: ಕಾರಟಗಿ ಹತ್ತಿರ ನಮ್ಮದೊಂದು ರೈಸ್ ಮಿಲ್ ಇದೆ. ಅಪ್ಪಾಜಿ ಕಾಲದಿಂದ ಇದ್ದ ಆಪರೇಟರ್ ಈ ವರ್ಷ ಬಿಟ್ಟು ಬೇರೆ ಮಿಲ್ಲಿಗೆ ಹೋದರು. ಮಷಿನ್ ಅದೇ, ಭತ್ತವೂ ಅದೇ ಊರುಗಳದ್ದು. ಆದರೂ ನುಚ್ಚು ಜಾಸ್ತಿ ಬರುತ್ತಿದೆ. ಅಕ್ಕಿ ಮೊದಲಿನ ಹಾಗಿಲ್ಲ ಅಂತ ವ್ಯಾಪಾರಿಗಳು ಫೋನ್ ಮಾಡುತ್ತಿದ್ದಾರೆ. ಎಂಬಿಎ ಓದುತ್ತಿರುವ ಮಗ ಇದನ್ನು ನಾಲೆಜ್ ಮ್ಯಾನೇಜ್‌ಮೆಂಟ್ (ಕೆಲಸದವರ ತಿಳಿವಳಿಕೆಯನ್ನು ಸಂಸ್ಥೆಯಲ್ಲೇ ಉಳಿಸಿಕೊಳ್ಳುವ) ಸಮಸ್ಯೆ ಅಂತಾನೆ, ಅದಕ್ಕೊಂದು ಸಾಫ್ಟ್‌ವೇರ್ ಹಾಕಿಸೋಣ ಅಂತಾನೆ. ನಮ್ಮಂಥವರಿಗೆ ಇದರಿಂದ ನಿಜಕ್ಕೂ ಉಪಯೋಗ ಇದೆಯಾ? ಪಕ್ಕದ ಮಿಲ್ಲಿನವರಿಗಿಂತ ಮುಂದೆ ಹೋಗಬಹುದಾ?
ಮಿಲ್ ಮಾಲೀಕರು, ಕೊಪ್ಪಳ ಜಿಲ್ಲೆ

ಉತ್ತರ: ನಿಮ್ಮ ಮಗ ಕಾಯಿಲೆಯನ್ನು ಸರಿಯಾಗಿ ಗುರುತಿಸಿದ್ದಾರೆ. ಔಷಧಿಯ ವಿಷಯದಲ್ಲಿ ಮಾತ್ರ ನನಗೆ ಒಪ್ಪಿಗೆ ಇಲ್ಲ. ಸಾಫ್ಟ್‌ವೇರ್ ಮಾತು ಕೊನೆಗೆ ಬರಲಿ. ಮೊದಲು ಮಿಲ್ಲಿನಿಂದ ಏನು ಹೋಯಿತು ಅನ್ನೋದನ್ನು ನೋಡೋಣ.

ಗಂಗಾವತಿ, ಕಾರಟಗಿ, ಸಿಂಧನೂರು, ಸಿರುಗುಪ್ಪ, ಯಾವ ಕಡೆಯ ಮಿಲ್ಲಿಗೆ ಹೋದರೂ ಕಾಣುವುದು ಹೆಚ್ಚುಕಡಿಮೆ ಅದೇ ಸಾಲು: ಕ್ಲೀನರ್, ಡಿಸ್ಟೋನರ್, ಶೆಲ್ಲರ್, ಸೆಪರೇಟರ್, ಪಾಲಿಶರ್, ಗ್ರೇಡರ್, ಬಣ್ಣ ನೋಡಿ ಕೆಟ್ಟ ಕಾಳು ಬೇರೆ ಮಾಡುವ ಸಾರ್ಟೆಕ್ಸ್. ಮಷಿನ್ ಮಾರುವವರೂ ಅವರೇ. ಭತ್ತ ಬೆಳೆಯುವುದು ಅದೇ ತುಂಗಭದ್ರೆಯ ನೀರಿಗೆ. ಹೊಸ ಸಾರ್ಟೆಕ್ಸ್ ತಂದು ನೀವು ಇವತ್ತು ಮುಂದೆ ಹೋದರೆ, ಮುಂದಿನ ಸೀಸನ್ನಿಗೆ ಪಕ್ಕದವರೂ ಸಾಲ ಮಾಡಿ ಅದನ್ನೇ ತರುತ್ತಾರೆ. ದುಡ್ಡಿಗೆ ಸಿಗುವ ವಸ್ತುವಿನಿಂದ ಬಂದ ಮುನ್ನಡೆ ಬಹಳ ದಿನ ನಿಲ್ಲುವುದಿಲ್ಲ. ನಿಮ್ಮ ಮಗ ಓದುವ ಪಾಠದಲ್ಲಿ ಜೇ ಬಾರ್ನಿ ಅನ್ನುವ ಪ್ರೊಫೆಸರ್ ಹೆಸರು ಬಂದಿರಬಹುದು. 1991ರಲ್ಲಿ ಅವರು ವಾದಿಸಿದ್ದು ಇದನ್ನೇ: ಬೆಲೆಬಾಳುವ, ಅಪರೂಪದ, ಬೇರೆಯವರು ನಕಲು ಮಾಡಲಾಗದ ಏನಾದರೂ ನಿಮ್ಮ ಹತ್ತಿರ ಇದ್ದರೆ ಮಾತ್ರ ಮುನ್ನಡೆ ಉಳಿಯುತ್ತದೆ. ನಿಮ್ಮ ಮಿಲ್ಲಿನಲ್ಲಿ ಅಂಥದ್ದು ಒಂದೇ ಇತ್ತು. ಅದು ಆ ಆಪರೇಟರ್ ಕೈಯಲ್ಲಿ, ಕಣ್ಣಲ್ಲಿ ಇತ್ತು.

ಅದರ ಬೆಲೆ ಎಷ್ಟು ಅಂತ ಒಂದು ಲೆಕ್ಕ ಹಾಕಿ. ಸರ್ಕಾರಕ್ಕೆ ಹಲ್ಲಿಂಗ್ ಮಾಡಿಕೊಡುವಾಗ ಕ್ವಿಂಟಲ್ ಭತ್ತಕ್ಕೆ 67 ಕೆ.ಜಿ. ಅಕ್ಕಿ ಅಂತ ಲೆಕ್ಕ ಹಿಡಿಯುತ್ತಾರೆ, ನಿಮಗೆ ಗೊತ್ತೇ ಇದೆ. ಬಂದ ಅಕ್ಕಿಯಲ್ಲಿ ಇಡೀ ಕಾಳು ಎಷ್ಟು, ನುಚ್ಚು ಎಷ್ಟು ಅನ್ನೋದರ ಮೇಲೆ ನಿಮ್ಮ ಲಾಭ ನಿಂತಿದೆ. ಗಂಟೆಗೆ 4 ಟನ್ ಓಡುವ ಮಿಲ್ಲು ದಿನಕ್ಕೆ 10 ಗಂಟೆ ನಡೆಯಿತು ಅಂತ ಇಟ್ಟುಕೊಳ್ಳಿ. 40 ಟನ್ ಭತ್ತ. ಅದರಲ್ಲಿ ಶೇಕಡಾ 1ರಷ್ಟು ಇಡೀ ಅಕ್ಕಿಯ ಬದಲು ನುಚ್ಚಾದರೆ 400 ಕೆ.ಜಿ. ಅಕ್ಕಿಗೂ ನುಚ್ಚಿಗೂ ಕೆ.ಜಿ.ಗೆ 20 ರೂಪಾಯಿ ವ್ಯತ್ಯಾಸ ಅಂದರೂ ದಿನಕ್ಕೆ 8,000 ರೂಪಾಯಿ. ವರ್ಷಕ್ಕೆ 200 ದಿನ ಓಡಿದರೆ 16 ಲಕ್ಷ. ನಿಮ್ಮ ರೇಟು, ನಿಮ್ಮ ಟನ್ನು ಹಾಕಿ ಇದನ್ನೇ ಇನ್ನೊಮ್ಮೆ ಮಾಡಿ ನೋಡಿ. ಆಮೇಲೆ ಆಪರೇಟರಿಗೆ ಎಷ್ಟು ಪಗಾರ ಕೊಡುತ್ತಿದ್ದಿರಿ ಅಂತಲೂ ನೋಡಿ.

ಇನ್ನು ಅವರಿಗೆ ಗೊತ್ತಿದ್ದದ್ದು ಏನು? ಒಂದು ಉದಾಹರಣೆ ಸಾಕು. ಶೆಲ್ಲರಿನಲ್ಲಿ ಎರಡು ರಬ್ಬರ್ ರೋಲ್ ಇರುತ್ತವೆ. ಎದುರುಬದುರಾಗಿ ತಿರುಗುತ್ತವೆ, ಒಂದು ಜೋರಾಗಿ, ಇನ್ನೊಂದು ನಿಧಾನವಾಗಿ. ವೇಗದ ಈ ವ್ಯತ್ಯಾಸದಿಂದಲೇ ಹೊಟ್ಟು ಬಿಡುವುದು. ಜೋರಾಗಿ ತಿರುಗುವ ರೋಲ್ ಬೇಗ ಸವೆಯುತ್ತದೆ. ಸವೆದಂತೆ ಅದರ ಸುತ್ತಳತೆ ಕಡಿಮೆಯಾಗಿ ಎರಡರ ವೇಗದ ವ್ಯತ್ಯಾಸ ಕುಗ್ಗುತ್ತದೆ, ಹೊಟ್ಟು ಸರಿಯಾಗಿ ಬಿಡುವುದಿಲ್ಲ. ಹೊಸ ಹುಡುಗ ಆಗ ಏನು ಮಾಡುತ್ತಾನೆ? ರೋಲ್ ಬಿಗಿ ಮಾಡುತ್ತಾನೆ. ಹೊಟ್ಟೇನೋ ಬಿಡುತ್ತದೆ. ಆದರೆ ಕಾಳು ಮುರಿಯುತ್ತದೆ, ರಬ್ಬರ್ ಕಾಯುತ್ತದೆ, ಇನ್ನೂ ಬೇಗ ಸವೆಯುತ್ತದೆ. ಹಳೆಯ ಆಪರೇಟರ್ ಹಾಗೆ ಮಾಡುವುದಿಲ್ಲ. ಎರಡೂ ರೋಲ್ ಅದಲುಬದಲು ಮಾಡುತ್ತಾರೆ. ಜೊತೆಗೆ ನೂರಕ್ಕೆ ನೂರು ಹೊಟ್ಟು ಒಂದೇ ಸಲ ಬಿಡಿಸಲು ಅವರು ಹೋಗುವುದೇ ಇಲ್ಲ. ನೂರಕ್ಕೆ ಹತ್ತು ಹದಿನೈದು ಕಾಳು ಹೊಟ್ಟಿನ ಸಮೇತ ಹೋದರೆ ಹೋಗಲಿ, ಸೆಪರೇಟರ್ ಅದನ್ನು ವಾಪಸ್ ಶೆಲ್ಲರಿಗೆ ಕಳಿಸುತ್ತದೆ ಅಂತ ಅವರಿಗೆ ಗೊತ್ತು. ನಿಮ್ಮ ನುಚ್ಚಿನ ಸಮಸ್ಯೆ ಇಲ್ಲೇ ಇರುವ ಸಾಧ್ಯತೆ ಜಾಸ್ತಿ. ಇವತ್ತೇ ಶೆಲ್ಲರ್ ಕೆಳಗೆ ಕೈಯೊಡ್ಡಿ ಒಂದು ಹಿಡಿ ತೆಗೆದು ನೋಡಿ. ಒಂದೂ ಭತ್ತದ ಕಾಳು ಕಾಣದಿದ್ದರೆ ರೋಲ್ ಅತಿಯಾಗಿ ಬಿಗಿಯಾಗಿದೆ. ಪಾಲಿಶರಿನ ಮೇಲೆ ಎಷ್ಟು ಹೊರೆ ಬಿದ್ದಿದೆ ಅಂತ ತೋರಿಸುವ ಆಂಪ್ ಮೀಟರನ್ನೂ ನೋಡಿ. ಎರಡು ಮೂರು ಪಾಸಿನಲ್ಲಿ ಹಂಚಿ ತೆಗೆಯಬೇಕಾದ ತೌಡನ್ನು ಒಂದೇ ಪಾಸಿನಲ್ಲಿ ತೆಗೆಯಲು ಹೋದರೆ ಅಕ್ಕಿ ಬಿಸಿಯಾಗಿ ಮುರಿಯುತ್ತದೆ.

ಇದರ ಜೊತೆಗೆ ಭತ್ತದ ಗುಣ. ಬೇಸಿಗೆ ಬೆಳೆ ಬಿಸಿಲಿಗೆ ಮಾಗಿರುತ್ತದೆ, ಒಳಗೇ ಬಿರುಕು ಬಿಟ್ಟಿರುತ್ತದೆ, ಮುಂಗಾರಿನದಕ್ಕಿಂತ ಜಾಸ್ತಿ ನುಚ್ಚಾಗುತ್ತದೆ. ಕಟಾವು ಮಷಿನ್ನಿನಿಂದ ನೇರ ಬಂದ ಭತ್ತ ಹಸಿಯಾಗಿರುತ್ತದೆ. ಡಾಂಬರ್ ರಸ್ತೆ ಮೇಲೆ ಮಧ್ಯಾಹ್ನ ಸುಟ್ಟು, ರಾತ್ರಿ ಇಬ್ಬನಿಗೆ ನೆನೆದ ಭತ್ತ ನೋಡಲು ಚೆನ್ನಾಗಿಯೇ ಕಾಣುತ್ತದೆ, ಮಿಲ್ಲಿಗೆ ಹಾಕಿದಾಗ ಬಣ್ಣ ಬಯಲಾಗುತ್ತದೆ. ತೇವ ಅಳೆಯುವ ಮಾಯಿಶ್ಚರ್ ಮೀಟರ್ ಶೇಕಡಾ 13, 14 ಅಂತ ತೋರಿಸಿದರೆ ಎಲ್ಲರೂ ಸರಿ ಅಂತಾರೆ. ಪಳಗಿದವರು ಅಷ್ಟಕ್ಕೆ ಬಿಡುವುದಿಲ್ಲ. ಒಂದು ಕಾಳು ಹಲ್ಲಿಗೆ ಕೊಟ್ಟು "ಕಟ್ ಅಂತೈತಿ, ನಾಳೆ ಹಾಕೂಣು" ಅನ್ನುತ್ತಾರೆ. ಯಾಕೆ ನಾಳೆ ಅಂತ ಕೇಳಿದರೆ ಸರಿಯಾಗಿ ಹೇಳಲು ಅವರಿಗೇ ಬರುವುದಿಲ್ಲ.

ಈ ಹೇಳಲು ಬಾರದ ತಿಳಿವಳಿಕೆಯ ಬಗ್ಗೆ ಜಗತ್ತಿನಲ್ಲಿ ಹೆಚ್ಚು ಕೆಲಸ ಮಾಡಿದವರಲ್ಲಿ ಜಪಾನಿನ ಇಕುಜಿರೊ ನೊನಾಕ ಒಬ್ಬರು. ಅವರು ಹೇಳುವ ಒಂದು ಪ್ರಸಂಗ ನಿಮಗೆ ಬಹಳ ಹತ್ತಿರದ್ದು ಅನ್ನಿಸೀತು. 1980ರ ದಶಕದಲ್ಲಿ ಒಸಾಕಾದ ಮತ್ಸುಶಿತಾ ಕಂಪನಿ ಮನೆಯಲ್ಲೇ ಬ್ರೆಡ್ ಮಾಡುವ ಮಷಿನ್ ಮಾಡಲು ಹೊರಟಿತ್ತು. ಹಿಟ್ಟು ನಾದುವ ಕೆಲಸ ಎಷ್ಟು ಮಾಡಿದರೂ ಹದಕ್ಕೆ ಬರುತ್ತಿರಲಿಲ್ಲ. ಮೇಲೆ ಕಂದಿ ಹೋದರೂ ಒಳಗೆ ಹಸಿಯಾಗಿಯೇ ಉಳಿಯುತ್ತಿತ್ತು. ಹಿಟ್ಟಿನ ಎಕ್ಸ್‌ರೇ ತೆಗೆದು ಹೋಲಿಸಿದರೂ ಉತ್ತರ ಸಿಗಲಿಲ್ಲ. ಕೊನೆಗೆ ಸಾಫ್ಟ್‌ವೇರ್ ವಿಭಾಗದ ಇಕುಕೊ ತನಕಾ ಅನ್ನುವವರು ಒಸಾಕಾದ ಒಂದು ದೊಡ್ಡ ಹೋಟೆಲಿನ ಮುಖ್ಯ ಬೇಕರ್ ಹತ್ತಿರ ಶಿಷ್ಯೆಯಾಗಿ ಸೇರಿದರು. ಆ ಬೇಕರ್ ಹಿಟ್ಟನ್ನು ಎಳೆಯುವಾಗ ಜೊತೆಗೇ ತಿರುಚುತ್ತಿದ್ದರು. ಅವರು ಅದನ್ನು ಯಾರಿಗೂ ಹೇಳಿರಲಿಲ್ಲ, ಯಾಕೆಂದರೆ ತಾವು ಹಾಗೆ ಮಾಡುತ್ತೇವೆ ಅನ್ನುವ ಗಮನವೇ ಅವರಿಗೆ ಇರಲಿಲ್ಲ. ತನಕಾ ಅದನ್ನು ನೋಡಿ, ತಾವೂ ಮಾಡಿ, ಎಂಜಿನಿಯರುಗಳಿಗೆ ಅರ್ಥವಾಗುವ ಮಾತಿಗೆ ತಂದರು. ಪಾತ್ರೆಯ ಒಳಗೆ ವಿಶೇಷವಾದ ಗೆರೆಗಳನ್ನು ಕೂರಿಸಿದರು. 1987ರಲ್ಲಿ ಮಷಿನ್ ಮಾರುಕಟ್ಟೆಗೆ ಬಂತು, ಮೊದಲ ವರ್ಷವೇ ಮಾರಾಟದಲ್ಲಿ ದಾಖಲೆ ಮಾಡಿತು.

ಈ ಪ್ರಸಂಗದಲ್ಲಿ ನನಗೆ ಬಹಳ ಮುಖ್ಯ ಅನ್ನಿಸುವುದು ತನಕಾ ಹೋಗಿ ಹಿಟ್ಟಿಗೆ ಕೈ ಹಾಕಿದ್ದು. ಬೇಕರ್ ಹತ್ತಿರ ಕುಳಿತು ಬರೀ ಪ್ರಶ್ನೆ ಕೇಳಿದ್ದರೆ ಅವರಿಗೆ ಏನೂ ಸಿಗುತ್ತಿರಲಿಲ್ಲ. ನಮ್ಮಲ್ಲಿ ಎಷ್ಟೋ ಕಂಪನಿಗಳು ತಪ್ಪುವುದು ಇಲ್ಲೇ. ರಿಟೈರ್ ಆಗುವವರನ್ನು ಕೊನೆಯ ವಾರ ಕೂರಿಸಿ "ನಿಮಗೆ ಗೊತ್ತಿರೋದನ್ನೆಲ್ಲ ಬರೆದುಕೊಡಿ" ಅನ್ನುತ್ತಾರೆ. ಅವರು ನಾಲ್ಕು ಪುಟ ಬರೆದುಕೊಡುತ್ತಾರೆ. ಅದರಲ್ಲಿ ಎಲ್ಲರಿಗೂ ಗೊತ್ತಿರುವುದೇ ಇರುತ್ತದೆ.

ಹಾಗಾಗಿ ನಿಮ್ಮ ಮಿಲ್ಲಿನಲ್ಲಿ ಮೊದಲ ಕೆಲಸ ಇದು. ಈಗಿರುವವರಲ್ಲಿ ಚೆನ್ನಾಗಿ ಬಲ್ಲವರ ಜೊತೆ ಇಬ್ಬರು ಹುಡುಗರನ್ನು ಪೂರ್ತಿ ಒಂದು ಸೀಸನ್ ನಿಲ್ಲಿಸಿ. ಒಬ್ಬನೇ ಇದ್ದರೆ ಅವನೂ ಒಂದು ದಿನ ಹೋಗುತ್ತಾನೆ, ನೀವು ಮತ್ತೆ ಇದೇ ಪ್ರಶ್ನೆ ಬರೆಯುತ್ತೀರಿ. ಹುಡುಗರಿಗೆ ಕಸ ಹೊಡೆಯುವ, ಚೀಲ ಹೊರುವ ಕೆಲಸ ಕೊಟ್ಟು "ನೋಡಿ ಕಲೀರಿ" ಅನ್ನಬೇಡಿ. ರೋಲ್ ಬದಲಿಸುವಾಗ ಅವರ ಕೈಯಿಂದಲೇ ಬದಲಿಸಿ. ಮೊದಮೊದಲು ಒಂದೆರಡು ಚೀಲ ನುಚ್ಚು ಜಾಸ್ತಿ ಆಗುತ್ತದೆ. ಅದನ್ನು ಕಲಿಕೆಯ ಖರ್ಚು ಅಂತ ಬರೆದುಕೊಳ್ಳಿ.

ಎರಡನೆಯದು ಬರೆಯಬಹುದಾದದ್ದನ್ನು ಬರೆದಿಡುವುದು. ಇದಕ್ಕೆ ಬಳ್ಳಾರಿಯ ಜೀನ್ಸ್ ವಾಷಿಂಗ್ ಕೆಲಸದಿಂದ ಒಂದು ಪಾಠ ಇದೆ. ಪ್ಯಾಂಟಿಗೆ ಆ ಹಳೆಯ, ಸವೆದ ಬಣ್ಣ ಬರಿಸಲು ಎನ್ಜೈಮ್, ಪ್ಯೂಮಿಸ್ ಕಲ್ಲು, ಬ್ಲೀಚು, ಪರ್ಮ್ಯಾಂಗನೇಟ್ ಸ್ಪ್ರೇ ಎಲ್ಲ ಬಳಸುತ್ತಾರೆ. ನೀರಿನ ಬಿಸಿ, ಎಷ್ಟು ನಿಮಿಷ, ಎಷ್ಟು ಡೋಸ್ ಅನ್ನೋದರಲ್ಲಿ ಸ್ವಲ್ಪ ಹೆಚ್ಚುಕಡಿಮೆ ಆದರೂ ಶೇಡ್ ಬದಲಾಗುತ್ತದೆ. ಬಟ್ಟೆಯ ಥಾನು ಬದಲಾದರಂತೂ ಹಳೆಯ ಲೆಕ್ಕ ನಡೆಯುವುದೇ ಇಲ್ಲ. ಇದೆಲ್ಲ ಮಾಸ್ಟರ್ ತಲೆಯಲ್ಲಿ ಇದ್ದರೆ, ಆರು ತಿಂಗಳ ಮೇಲೆ ಅದೇ ಆರ್ಡರ್ ಮತ್ತೆ ಬಂದಾಗ ಅದೇ ಶೇಡ್ ಕೊಡುವುದು ಅದೃಷ್ಟದ ಮಾತು. ಅದೇ ಒಂದು ಕಾರ್ಡಿನಲ್ಲಿ ಡೋಸ್, ಬಿಸಿ, ಸಮಯ ಬರೆದು, ತೊಳೆಯುವ ಮುಂಚಿನ ತುಂಡು, ತೊಳೆದ ಮೇಲಿನ ತುಂಡು ಎರಡನ್ನೂ ಪಿನ್ ಮಾಡಿಟ್ಟರೆ ಕಥೆಯೇ ಬೇರೆ. ಕಾರ್ಡಿನಿಂದ ಹೊಸಬ ಮಾಸ್ಟರ್ ಆಗುವುದಿಲ್ಲ. ಆದರೆ ಮಾಸ್ಟರ್ ಮೊದಲಿಂದ ಶುರು ಮಾಡುವುದು ತಪ್ಪುತ್ತದೆ. ಅಂಥ ಯೂನಿಟ್ಟಿಗೇ ಆರ್ಡರ್ ಮತ್ತೆ ಮತ್ತೆ ಬರುವುದು.

ನಿಮಗೆ ಬೇಕಾದದ್ದು ಇಂಥದ್ದೇ ಒಂದು ಲಾಟ್ ಪುಸ್ತಕ. ಪ್ರತಿ ಲಾಟಿಗೆ, ಅಂದರೆ ಒಟ್ಟಿಗೆ ಮಿಲ್ಲಿಗೆ ಹಾಕುವ ಒಂದು ಕಂತು ಭತ್ತಕ್ಕೆ, ಒಂದು ಪುಟ: ಯಾವ ಊರಿನ, ಯಾವ ರೈತರ ಭತ್ತ, ತಳಿ ಯಾವುದು, ಕಟಾವು ಮಷಿನ್ನಿಂದಲೋ ಕೈಯಿಂದಲೋ, ಎಲ್ಲಿ ಒಣಗಿಸಿದ್ದು, ಬಂದಾಗ ತೇವ ಎಷ್ಟು, ಎಷ್ಟು ದಿನ ಇಟ್ಟು ಹಾಕಿದಿರಿ, ಪಾಲಿಶರ್ ಎಷ್ಟು ಆಂಪಿನಲ್ಲಿ ಓಡಿತು, ಅಕ್ಕಿ ಎಷ್ಟು, ನುಚ್ಚು ಎಷ್ಟು. ಅಂಗೈಯಷ್ಟು ಭತ್ತ, ಅಂಗೈಯಷ್ಟು ಅಕ್ಕಿ ಸಣ್ಣ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಆ ಪುಟಕ್ಕೇ ಸ್ಟೇಪಲ್ ಮಾಡಿ. ಎರಡು ಸೀಸನ್ ಬರೆದರೆ ಸಾಕು, ಖರೀದಿಯಲ್ಲಿ ಅದರ ರುಚಿ ಗೊತ್ತಾಗುತ್ತದೆ. ಯಾವ ಊರಿನ ಭತ್ತ ನಿಮ್ಮ ಮಷಿನ್ನಿನಲ್ಲಿ ಚೆನ್ನಾಗಿ ಬರುತ್ತದೆ, ಯಾರ ಭತ್ತ ಮೇಲೆ ಚೆಂದ ಕಂಡು ಒಳಗೆ ಕೈಕೊಡುತ್ತದೆ ಅನ್ನೋದು ಪುಟದಲ್ಲೇ ಇರುತ್ತದೆ. ಆಗ 75 ಕೆ.ಜಿ. ಚೀಲಕ್ಕೆ ಪಕ್ಕದವರಿಗಿಂತ ಹತ್ತಿಪ್ಪತ್ತು ರೂಪಾಯಿ ಜಾಸ್ತಿ ಕೊಟ್ಟು ಒಳ್ಳೆಯ ಮಾಲನ್ನು ನೀವು ಧೈರ್ಯವಾಗಿ ಎತ್ತಬಹುದು. ಪಕ್ಕದವರು ಅಂದಾಜಿನ ಮೇಲೆ ಕೊಳ್ಳುತ್ತಾರೆ, ನೀವು ಲೆಕ್ಕದ ಮೇಲೆ ಕೊಳ್ಳುತ್ತೀರಿ. ನೀವು ಕೇಳಿದ ಮುನ್ನಡೆ ನನ್ನ ಪ್ರಕಾರ ಮಿಲ್ಲಿನ ಒಳಗಿಗಿಂತ ಇಲ್ಲಿ, ಖರೀದಿಯಲ್ಲಿ, ಜಾಸ್ತಿ ಸಿಗುತ್ತದೆ. ಚೆನ್ನಾಗಿ ಒಣಗಿಸಿ ತಂದ ರೈತರಿಗೂ ನಾಲ್ಕು ಕಾಸು ಹೆಚ್ಚು ಸಿಗುತ್ತದೆ, ಮುಂದಿನ ವರ್ಷ ಅವರು ನಿಮ್ಮ ಬಾಗಿಲಿಗೇ ಬರುತ್ತಾರೆ.

ಲಾಟ್ ಕೆಟ್ಟಾಗ ಒಂದು ಹತ್ತು ನಿಮಿಷ ಎಲ್ಲರೂ ನಿಂತು ಮಾತಾಡುವ ರೂಢಿಯನ್ನೂ ಮಾಡಿಕೊಳ್ಳಿ. ಅಮೆರಿಕದ ಸೈನ್ಯದಲ್ಲಿ 1970ರ ದಶಕದಿಂದ ಈ ಪದ್ಧತಿ ಇದೆ. ಕೇಳುವುದು ನಾಲ್ಕೇ ಪ್ರಶ್ನೆ: ಏನಾಗಬೇಕಿತ್ತು, ಏನಾಯಿತು, ಯಾಕೆ ಹಾಗಾಯಿತು, ಮುಂದಿನ ಸಲ ಏನು ಮಾಡೋಣ. ನಮ್ಮ ಕಡೆ ಇದು ಕೆಡುವುದು ಒಂದೇ ಕಾರಣಕ್ಕೆ. ಮಾಲೀಕರು ಮೊದಲು ಮಾತಾಡುತ್ತಾರೆ, ಅದೂ ಬೈದುಕೊಂಡೇ ಶುರು ಮಾಡುತ್ತಾರೆ. ಆಮೇಲೆ ಯಾರೂ ನಿಜ ಹೇಳುವುದಿಲ್ಲ. ನೀವು ಕೊನೆಗೆ ಮಾತಾಡಿ. ಹಮಾಲರನ್ನೂ ಕರೆಯಿರಿ. ಯಾವ ಚೀಲ ಬೆಚ್ಚಗಿತ್ತು, ಯಾವುದರಲ್ಲಿ ಮುಗ್ಗಲು ವಾಸನೆ ಇತ್ತು ಅನ್ನೋದು ಚೀಲ ಹೊತ್ತವರಿಗೆ ಮೊದಲು ಗೊತ್ತಾಗುತ್ತದೆ. ಅವರನ್ನು ಯಾರೂ ಕೇಳುವುದಿಲ್ಲ ಅಷ್ಟೆ.

ಈಗ ಕಷ್ಟದ ಮಾತಿಗೆ ಬರೋಣ. ಗೊತ್ತಿರುವವರು ತಮಗೆ ಗೊತ್ತಿರುವುದನ್ನು ಯಾಕೆ ಹೇಳಿಕೊಡಬೇಕು? ಅದೇ ಅವರ ಅನ್ನ. ಎಲ್ಲ ಕಲಿಸಿದ ಮೇಲೆ "ಇನ್ನು ನೀವು ಬೇಡ" ಅಂದುಬಿಟ್ಟರೆ? ಈ ಭಯ ಸುಮ್ಮನೆ ಬಂದದ್ದಲ್ಲ, ಹಾಗೆ ಮಾಡಿದವರನ್ನು ಎಲ್ಲರೂ ನೋಡಿದ್ದಾರೆ. ಜೆರಾಕ್ಸ್ ಕಂಪನಿಯಲ್ಲಿ ಇದಕ್ಕೆ ಒಂದು ದಾರಿ ಕಂಡುಕೊಂಡರು. ಮಷಿನ್ ರಿಪೇರಿ ಮಾಡುವವರು ಮ್ಯಾನುಯಲ್‌ಗಿಂತ ಒಬ್ಬರಿಗೊಬ್ಬರು ಹೇಳುವ ಅನುಭವದ ಕಥೆಗಳಿಂದ ಜಾಸ್ತಿ ಕಲಿಯುತ್ತಾರೆ ಅಂತ ಅಲ್ಲಿ ಮೊದಲು ಗೊತ್ತಾಗಿತ್ತು. ಜೂಲಿಯನ್ ಓರ್ ಅನ್ನುವ ಮಾನವಶಾಸ್ತ್ರಜ್ಞರು ಅವರ ಜೊತೆಗೇ ಓಡಾಡಿ ಇದನ್ನು ಗಮನಿಸಿದ್ದರು. ಮುಂದೆ 1990ರ ದಶಕದಲ್ಲಿ ಯುರೇಕಾ ಅಂತ ಒಂದು ವ್ಯವಸ್ಥೆ ಬಂತು. ರಿಪೇರಿಯವರೇ ತಮಗೆ ಹೊಳೆದ ಉಪಾಯ ಬರೆಯುವುದು, ಅವರ ಜೊತೆಯವರೇ ಪರೀಕ್ಷಿಸಿ ಒಪ್ಪುವುದು, ಬರೆದವರ ಹೆಸರು ಅದರ ಮೇಲೇ ಇರುವುದು. ಆ ಹೆಸರೇ ಜನರನ್ನು ಬರೆಯುವಂತೆ ಮಾಡಿತು.

ನೀವೂ ಲಾಟ್ ಪುಸ್ತಕದಲ್ಲಿ ಆಪರೇಟರ್ ಹೆಸರು ಬರೆಯಿರಿ. ಆದರೆ ಹೆಸರೊಂದೇ ಸಾಲದು. ಜೆರಾಕ್ಸ್‌ನವರಿಗೆ ಕಾಯಂ ನೌಕರಿ ಇತ್ತು, ನಮ್ಮ ಮಿಲ್ ಕೆಲಸದವರಿಗೆ ಅದೂ ಇಲ್ಲ. ಮೊದಲು ಹಾಕಿದ ಲೆಕ್ಕಕ್ಕೆ ವಾಪಸ್ ಬನ್ನಿ. ನುಚ್ಚು ಶೇಕಡಾ 1 ಇಳಿದರೆ ವರ್ಷಕ್ಕೆ ಲಕ್ಷಗಟ್ಟಲೆ ಉಳಿಯುತ್ತದೆ ಅಂದಮೇಲೆ, ಅದರಲ್ಲಿ ಒಂದು ಪಾಲು ಅದನ್ನು ಇಳಿಸಿದವರಿಗೆ ಸೀಸನ್ ಕೊನೆಗೆ ಹೋಗಲಿ. ಕಲಿಸಿದವರಿಗೆ, ಅವರಿಂದ ಕಲಿತ ಹುಡುಗ ಸ್ವಂತವಾಗಿ ಮಿಲ್ ಓಡಿಸಿದ ದಿನದಿಂದ, ಬೇರೆ ಭತ್ಯೆ ಕೊಡಿ. ಇದನ್ನು ಬಾಯಿಮಾತಿನಲ್ಲಿ ಬಿಡಬೇಡಿ, ಬರೆದು ಸಹಿ ಹಾಕಿ ಕೊಡಿ. ಇದನ್ನು ಮಾಡಲು ಮನಸ್ಸಿಲ್ಲದಿದ್ದರೆ ಮೇಲೆ ಹೇಳಿದ ಯಾವುದನ್ನೂ ಶುರು ಮಾಡಬೇಡಿ ಅಂತಲೇ ನಾನು ಹೇಳುತ್ತೇನೆ. ಕೆಲಸದವರ ಹೊಟ್ಟೆಯ ಮೇಲೆ ಹೊಡೆದು ಅವರ ತಿಳಿವಳಿಕೆ ಕಿತ್ತುಕೊಳ್ಳುವುದು ಸರಿಯಲ್ಲ, ಅದು ನಡೆಯುವುದೂ ಇಲ್ಲ.

ಕೆಲವರು ಬೇರೆ ದಾರಿ ಹಿಡಿಯುತ್ತಾರೆ. "ಬಿಟ್ಟ ಮೇಲೆ ಬೇರೆ ಮಿಲ್ಲಿಗೆ ಸೇರುವ ಹಾಗಿಲ್ಲ" ಅಂತ ಸ್ಟಾಂಪ್ ಪೇಪರಿನ ಮೇಲೆ ಬರೆಸಿಕೊಳ್ಳುತ್ತಾರೆ. ಅದನ್ನು ನಂಬಬೇಡಿ. 1872ರ ಭಾರತೀಯ ಕರಾರು ಕಾಯ್ದೆಯ 27ನೇ ಕಲಂ ಪ್ರಕಾರ, ಒಬ್ಬರು ತಮ್ಮ ಕಸುಬು ಮಾಡುವುದನ್ನು ತಡೆಯುವ ಕರಾರು ಸಾಮಾನ್ಯವಾಗಿ ಊರ್ಜಿತವಾಗುವುದಿಲ್ಲ. ಗಿರಾಕಿಗಳ ಪಟ್ಟಿ, ರೇಟಿನ ಪಟ್ಟಿ ಹೊರಗೆ ಕೊಡಬಾರದು ಅಂತ ಬರೆಸಿಕೊಳ್ಳುವುದು ಬೇರೆ ಮಾತು, ಅದನ್ನು ಮಾಡಿ. ಉಳಿದಂತೆ ಪುಸ್ತಕ ಯಾರಾದರೂ ಕದ್ದಾರು ಅನ್ನುವ ಚಿಂತೆಗೆ ನಿದ್ದೆ ಕೆಡಿಸಿಕೊಳ್ಳಬೇಡಿ. ನಿಮ್ಮ ರೋಲಿಗೆ, ನಿಮ್ಮ ಮೋಟರಿಗೆ, ನೀವು ಕೊಳ್ಳುವ ಊರುಗಳ ಭತ್ತಕ್ಕೆ ಹೊಂದಿದ ಲೆಕ್ಕ ಬೇರೆ ಮಿಲ್ಲಿನಲ್ಲಿ ಹಾಗೇ ನಡೆಯುವುದಿಲ್ಲ.

ಹೋದವರ ಬಗ್ಗೆಯೂ ಒಂದು ಮಾತಿದೆ, ಅದಕ್ಕೆ ನಿಮ್ಮ ಭತ್ತಕ್ಕೆ ನೀರು ಕೊಡುವ ಡ್ಯಾಮನ್ನೇ ನೆನಪಿಸುತ್ತೇನೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 33 ಗೇಟುಗಳಲ್ಲಿ 19ನೆಯದು ಚೈನ್ ತುಂಡಾಗಿ ಕೊಚ್ಚಿ ಹೋಯಿತು. ಡ್ಯಾಂ ತುಂಬಿ ನಿಂತಿತ್ತು. ಬೆಳೆ ಕಥೆ ಮುಗಿಯಿತು ಅಂತ ನಮ್ಮ ಭಾಗದ ರೈತರೆಲ್ಲ ತಲೆ ಮೇಲೆ ಕೈ ಹೊತ್ತು ಕೂತಿದ್ದರು. ಆಗ ಕರೆಸಿದ್ದು ಗೇಟುಗಳ ಕೆಲಸದಲ್ಲೇ ಜೀವಮಾನ ಕಳೆದು ಯಾವತ್ತೋ ನಿವೃತ್ತರಾಗಿದ್ದ ಕನ್ನಯ್ಯ ನಾಯ್ಡು ಅವರನ್ನು. ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ (ಗೇಟಿನ ಜಾಗ ಮುಚ್ಚುವ ಉಕ್ಕಿನ ದೊಡ್ಡ ಹಲಗೆ) ಒಂದೊಂದಾಗಿ ಇಳಿಸಿ, ಆಗಸ್ಟ್ 17ರ ಹೊತ್ತಿಗೆ ಆ ಬಾಗಿಲು ಮುಚ್ಚಿದರು. ಆ ವರ್ಷ ನಿಮ್ಮ ಮಿಲ್ಲಿಗೆ ಬಂದ ಭತ್ತದಲ್ಲಿ ಅವರ ಅನುಭವದ ಪಾಲೂ ಇದೆ. ಅವರ ವಯಸ್ಸಿನಲ್ಲಿ ಅವರು ಬಂದದ್ದು ನಮ್ಮ ಪುಣ್ಯ. ಆದರೆ ಅಷ್ಟು ಗೊತ್ತಿರುವವರು ಇನ್ನೆಷ್ಟು ಜನ ಇದ್ದಾರೆ, ಅವರ ಪಕ್ಕದಲ್ಲಿ ನಿಂತು ಕಲಿಯುತ್ತಿರುವವರು ಯಾರು ಅನ್ನುವ ಪ್ರಶ್ನೆ ಆ ವಾರ ನನ್ನನ್ನು ಬಹಳ ಕಾಡಿತು, ಈಗಲೂ ಕಾಡುತ್ತದೆ.

ಸಾಫ್ಟ್‌ವೇರ್ ವಿಷಯ. ಪುಸ್ತಕ ಎರಡು ಸೀಸನ್ ತಪ್ಪದೆ ಬರೆದ ಮೇಲೆ, ಅದನ್ನು ನಿಮ್ಮ ಮಗ ಒಂದು ಎಕ್ಸೆಲ್ ಶೀಟಿಗೆ ಹಾಕಲಿ. ಊರಿನ ಪ್ರಕಾರ, ತಳಿಯ ಪ್ರಕಾರ ನುಚ್ಚಿನ ಲೆಕ್ಕ ತೆಗೆಯಲು ಅಷ್ಟೇ ಸಾಕು. ವಾಟ್ಸಾಪ್ ಗ್ರೂಪಿನಲ್ಲಿ ವಾಯ್ಸ್ ಮೆಸೇಜ್, ಫೋಟೋ ಹಾಕುವುದು ಒಳ್ಳೆಯದೇ. ಆದರೆ ಗುಡ್ ಮಾರ್ನಿಂಗ್ ಫೋಟೋಗಳ ನಡುವೆ ಅದು ಕಳೆದು ಹೋಗುತ್ತದೆ, ವಾರಕ್ಕೊಮ್ಮೆ ಯಾರಾದರೂ ಒಬ್ಬರು ಕೂತು ಪುಸ್ತಕಕ್ಕೆ ಇಳಿಸಬೇಕು. ಮುಂದೆ ಹೊರದೇಶಕ್ಕೆ ಅಕ್ಕಿ ಕಳಿಸುವ ಯೋಚನೆ ಇದ್ದು ಗುಣಮಟ್ಟದ ನಿರ್ವಹಣೆಗೆ ಕೊಡುವ ಐಎಸ್ಒ 9001 ಸರ್ಟಿಫಿಕೇಟ್ ಮಾಡಿಸಿದರೆ ಇದೇ ಪುಸ್ತಕ ಅಲ್ಲೂ ಕೆಲಸಕ್ಕೆ ಬರುತ್ತದೆ. ಆ ನಿಯಮದ 2015ರ ಆವೃತ್ತಿಯ 7.1.6ನೇ ಕಲಂನಲ್ಲಿ, ಕೆಲಸಕ್ಕೆ ಬೇಕಾದ ತಿಳಿವಳಿಕೆಯನ್ನು ಸಂಸ್ಥೆ ಗುರುತಿಸಿ ಕಾಪಾಡಿಕೊಳ್ಳಬೇಕು ಅಂತಲೇ ಇದೆ. ಇದಕ್ಕಾಗಿಯೇ 2018ರಲ್ಲಿ ಐಎಸ್ಒ 30401 ಅಂತ ಬೇರೆ ಮಾನದಂಡವೂ ಬಂದಿದೆ. ನಿಮ್ಮ ಮಗ ಅದನ್ನು ಓದಲಿ, ನಿಮಗೆ ಸದ್ಯಕ್ಕೆ ಅದರ ಅಗತ್ಯ ಇಲ್ಲ.

ಹಳೆಯ ಆಪರೇಟರ್ ಯಾಕೆ ಹೋದರು ಅಂತ ನೀವು ಬರೆದಿಲ್ಲ. ಗೊತ್ತಿಲ್ಲದಿದ್ದರೆ ಹೋಗಿ ಕೇಳಿ. ಫೋನಿನಲ್ಲಿ ಬೇಡ, ಮನೆಗೇ ಹೋಗಿ. ವಾಪಸ್ ಬನ್ನಿ ಅಂತ ಒತ್ತಾಯ ಮಾಡಬೇಡಿ, ಅವರಿಗೆ ಕೆಲಸ ಕೊಟ್ಟವರೂ ನಿಮ್ಮ ಹಾಗೇ ಮಿಲ್ ನಡೆಸುವವರು. ಆ ಮಾಲೀಕರಿಗೂ ತಿಳಿಸಿ, ಆಪರೇಟರಿಗೆ ರಜೆ ಇರುವ ದಿನ ಬಂದು ನಿಮ್ಮ ಹುಡುಗರ ಜೊತೆ ಶೆಲ್ಲರ್, ಪಾಲಿಶರ್ ಒಮ್ಮೆ ಕೂರಿಸಿಕೊಡಲು ಸಾಧ್ಯವೇ ಅಂತ ಕೇಳಿ. ಬಂದ ದಿನದ ಕೂಲಿಯನ್ನು ಅವರು ಹೇಳಿದಷ್ಟು ಕೊಡಿ, ಚೌಕಾಸಿ ಬೇಡ. ಇಬ್ಬರು ಹುಡುಗರು ಆ ದಿನ ಬೇರೆ ಯಾವ ಕೆಲಸಕ್ಕೂ ಹೋಗಬಾರದು. ನವೆಂಬರಿನಲ್ಲಿ ಹೊಸ ಭತ್ತ ಬರಲು ಶುರುವಾದ ಮೇಲೆ ಯಾರಿಗೂ ಪುರಸೊತ್ತು ಇರುವುದಿಲ್ಲ, ಅದಕ್ಕೆ ಮುಂಚೆಯೇ ಈ ಕೆಲಸ ಮುಗಿಸಿಕೊಳ್ಳಿ.